ಬೆಳಿಗ್ಗೆಯವಳು, ಸಂಜೆಯವಳು

ಜೂನ್ ೩, ಸೋಮವಾರ

ಇವತ್ತು ಕರಾರಿಗೆ ಸಹಿ ಹಾಕಿಸಿಕೊಂಡರು. ಸಿನಿಮಾದ ಕಥೆಯನ್ನಾಗಲಿ, ಅದರ ಬಗ್ಗೆ ನನ್ನ ಅಭಿಪ್ರಾಯವನ್ನಾಗಲಿ ಬಿಡುಗಡೆಯಾಗುವವರೆಗೆ ಯಾರ ಹತ್ತಿರವೂ ಬಾಯಿ ಬಿಡಬಾರದಂತೆ. ಬಾಯಿ ಬಿಡುವುದೇ ಕಸುಬಾದವಳಿಗೆ ಹೇಳುವ ಮಾತೇ ಇದು? ಮನಸ್ಸಿನಲ್ಲಿ ಬಂದದ್ದನ್ನು ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ಮಗಳು ಯಾವತ್ತೋ ಕೊಟ್ಟಿದ್ದ ಈ ಡೈರಿಯನ್ನು ಹಳೆಯ ಸೀರೆಗಳ ಅಡಿಯಿಂದ ಹುಡುಕಿ ತೆಗೆದೆ. ಬರೆಯಬಾರದೆಂದು ಕರಾರಿನಲ್ಲಿ ಎಲ್ಲಿಯೂ ಇಲ್ಲ.

ಥಾಯ್ ಭಾಷೆಯ ದೆವ್ವದ ಸಿನಿಮಾ. ನಮ್ಮ ಭಾಷೆಗೆ ಡಬ್ ಆಗುತ್ತಿದೆ. ದೆವ್ವ ನಾನೇ. ಇಷ್ಟು ವರ್ಷಗಳಲ್ಲಿ ಎಷ್ಟೋ ತಾಯಂದಿರಿಗೆ, ವಕೀಲೆಯರಿಗೆ, ಸೋಪಿನ ಜಾಹೀರಾತಿನ ಸೊಸೆಯಂದಿರಿಗೆ, ಒಮ್ಮೆ ಒಂದು ಮೊಲಕ್ಕೂ ದನಿ ಕೊಟ್ಟಿದ್ದೇನೆ. ದೆವ್ವಗಳಿಗೂ ಕೊಟ್ಟಿದ್ದೇನೆ, ಆದರೆ ಅವೆಲ್ಲ ಕಿರುಚುವ ದೆವ್ವಗಳು. ಇದು ಕಿರುಚುವುದಿಲ್ಲ, ಊಟಕ್ಕೆ ಕರೆಯುತ್ತದೆ.

ನದಿಯ ಮೇಲೆ ಕಂಬ ನೆಟ್ಟು ಕಟ್ಟಿದ ಮರದ ಮನೆ. ಗಂಡ, ಹೆಂಡತಿ, ಎರಡು ಮಕ್ಕಳು. ಸಂತೆಗೆ ಹೋದ ತಾಯಿ ದೋಣಿ ಮಗುಚಿ ಸಾಯುತ್ತಾಳೆ. ತಾನು ಸತ್ತದ್ದು ಅವಳಿಗೆ ಗೊತ್ತಿಲ್ಲ. ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದು ಎಂದಿನಂತೆ ಗಂಜಿ ಬೇಯಿಸಿ ಎಲ್ಲರನ್ನೂ ಕರೆಯುತ್ತಾಳೆ. ಊರಿನ ಮುದುಕನೊಬ್ಬ ಮನೆಯವರಿಗೆ ಮೊದಲೇ ಹೇಳಿಟ್ಟಿರುತ್ತಾನೆ: ಅವಳು ಕರೆದರೆ ಓಗೊಡಬೇಡಿ, ಬಡಿಸಿದ್ದನ್ನು ಮುಟ್ಟಬೇಡಿ, ಓಗೊಟ್ಟವರು ಅವಳ ಹಿಂದೆಯೇ ಹೋಗುತ್ತಾರೆ. ಹಾಗಾಗಿ ಅವಳು ಕರೆಯುತ್ತಲೇ ಇರುತ್ತಾಳೆ, ಇವರು ತುಟಿ ಬಿಗಿದು ಕೂತಿರುತ್ತಾರೆ. ನನ್ನ ಮೇಲೆ ಯಾಕೆ ಮುನಿಸು ಎಂದು ಅವಳಿಗೆ ಸಂಕಟ. ಕರೆದು ಕರೆದು ಅವಳ ದನಿಯೇ ಕೆಡುತ್ತ ಹೋಗುತ್ತದೆ. ಕೊನೆಗೆ ಚಿಕ್ಕ ಮಗಳು ತಡೆಯಲಾರದೆ ಓಗೊಟ್ಟು ಜ್ವರ ಹಿಡಿದು ಮಲಗಿದಾಗ ತಾಯಿಗೆ ಎಲ್ಲ ಅರ್ಥವಾಗುತ್ತದೆ. ಒಂದು ಮಾತೂ ಆಡದೆ ಎದ್ದು, ಹೊಸ್ತಿಲು ದಾಟಿ, ಆಚೆ ಹೋಗಿ ಕೂರುತ್ತಾಳೆ. ಒಳಗೆ ಮಕ್ಕಳು ಊಟ ಮಾಡುತ್ತಾರೆ. ಅಲ್ಲಿಗೆ ಮುಗಿಯಿತು.

ನನ್ನ ಅಭಿಪ್ರಾಯ: ಮುಕ್ಕಾಲು ಭಾಗ ಚೆನ್ನಾಗಿದೆ, ಕೊನೆ ಸುಳ್ಳು. ಮನೆ ಅವಳದ್ದು, ಒಲೆ ಅವಳದ್ದು, ಮಕ್ಕಳು ಅವಳವು. ಯಾವ ಹೆಂಗಸು ಹಾಗೆ ಬಾಯಿ ಮುಚ್ಚಿಕೊಂಡು ಎದ್ದು ಹೋಗುತ್ತಾಳೆ? ಬರೆದವನು ಗಂಡಸೇ ಇರಬೇಕು.

ಜೂನ್ ೫, ಬುಧವಾರ

ಮೊದಲ ರೀಲು ಮುಗಿಯಿತು. ಇದರಲ್ಲಿ ತಾಯಿ ಇನ್ನೂ ಬದುಕಿದ್ದಾಳೆ. "ಗಂಜಿ ಆರ್ತಾ ಇದೆ, ಬನ್ನಿ." "ಇಲ್ಲೇ ಇದ್ದೀನಲ್ಲ." "ಇನ್ನೊಂದು ಸ್ವಲ್ಪ ಹಾಕ್ಲಾ?" ಇಂಥವೇ ಮಾತುಗಳು. ಅವರ ಮಾತು ತುಂಬ ಚಿಕ್ಕದು, ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಮುಗಿದಿರುತ್ತದೆ. ನಮ್ಮದನ್ನು ಅದರೊಳಗೆ ತುರುಕಬೇಕು. ಆದರೂ ಹೆಚ್ಚಿನವು ಒಂದೇ ಸಲಕ್ಕೆ ಓಕೆಯಾದವು.

ಧ್ವನಿ ಹಿಡಿಯುವವನನ್ನು ನಾವೆಲ್ಲ ಮಫ್ಲರ್ ಎಂದೇ ಕರೆಯುವುದು. ಎ.ಸಿ. ಕೋಣೆಯಲ್ಲಿ ಕೂತು ಕೂತು ಬೇಸಿಗೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿರುತ್ತಾನೆ. ಮೊಮ್ಮಗ ಹುಟ್ಟಿ ತಾತನಾದ ಮೇಲೂ ಬಿಟ್ಟಿಲ್ಲ. ಸಿನಿಮಾದ ಬಗ್ಗೆ ಅವನ ಅಭಿಪ್ರಾಯವೇ ಬೇರೆ.

"ಅಕ್ಕ, ನೀವು ಚಿತ್ರ ನೋಡಬೇಡಿ, ಕಣ್ಣು ಮುಚ್ಕೊಂಡು ಕೇಳಿ. ಅವಳು ಬರೋ ಮುಂಚೆ ಇವರು ಮ್ಯೂಸಿಕ್ಕೇ ಹಾಕಿಲ್ಲ. ಕಪ್ಪೆ, ಹುಳ ಎಲ್ಲ ಕೂಗ್ತಿರ್ತವೆ, ಒಂದೇ ಸಲ ನಿಲ್ಲಿಸಿಬಿಡ್ತಾರೆ. ಹೆದರಿಕೆ ಇರೋದು ಅಲ್ಲಿ."

ಕಣ್ಣು ಮುಚ್ಚಿ ಕೇಳಿದೆ. ಹೌದು, ಹುಳಗಳ ಸದ್ದು ನಿಂತಾಗ ಮೈ ಜುಮ್ಮೆಂದಿತು.

ಮನೆಗೆ ಬಂದು ಬಾಗಿಲಲ್ಲೇ ನಿಂತು "ಬಂದೆ ಅತ್ತೆ" ಎಂದೆ. ಒಳಗಿನಿಂದ "ಬಂದ್ಯಾ" ಎಂದರು. ಇದು ನಮ್ಮಿಬ್ಬರ ದಿನದ ವಾಡಿಕೆ. ಅತ್ತೆಗೆ ಕಣ್ಣು ಪೂರ್ತಿ ಹೋಗಿದೆ, ಸಕ್ಕರೆ ಕಾಯಿಲೆಯಿಂದ ಬೆರಳ ತುದಿಗಳು ಮರಗಟ್ಟಿವೆ, ಮರೆವು ಬೇರೆ. ಮಗ, ಅಂದರೆ ನನ್ನ ಗಂಡ, ತೀರಿಕೊಂಡದ್ದನ್ನೂ ಆಗಾಗ ಮರೆಯುತ್ತಾರೆ. ಆದರೆ ನನ್ನ ದನಿ ಕೇಳಿದರೆ ಸಾಕು, ತಾನು ಎಲ್ಲಿದ್ದೇನೆ, ಎದುರಿಗಿರುವವಳು ಯಾರು ಎಂಬುದೆಲ್ಲ ಜಾಗಕ್ಕೆ ಬಂದು ಕೂರುತ್ತದೆ. ಜೀವಮಾನವಿಡೀ ಬೇರೆಯವರ ಬಾಯಿಗೆ ದನಿ ಕೊಟ್ಟೆ, ನನ್ನ ದನಿಯನ್ನು ನನ್ನದೆಂದು ಗುರುತು ಹಿಡಿಯುವವರು ಇವರೊಬ್ಬರೇ.

ಜೂನ್ ೧೦, ಸೋಮವಾರ

ದೆವ್ವದ ದನಿ ಸಿಕ್ಕಿತು. ಎಲ್ಲರೂ ಉಸಿರು ಹೊರಗೆ ಬಿಡುತ್ತ ಮಾತಾಡುತ್ತಾರೆ. ಉಸಿರನ್ನು ಒಳಗೆ ಎಳೆದುಕೊಳ್ಳುತ್ತ ಮಾತಾಡಿದರೆ ಬೇರೆಯೇ ಒಂದು ಸದ್ದು ಬರುತ್ತದೆ. ಬಾವಿಯ ಒಳಗೆ ಕೊಡ ಇಳಿದ ಹಾಗೆ. ಅಡುಗೆಮನೆಯಲ್ಲಿ ಅನ್ನಕ್ಕಿಟ್ಟು, ಅಭ್ಯಾಸಕ್ಕೆಂದು ಹತ್ತಾರು ಸಲ ಹೇಳಿಕೊಂಡೆ: "ಗಂಜಿ ಆರ್ತಾ ಇದೆ... ಬನ್ನಿ..."

ಕೋಣೆಯಿಂದ ಅತ್ತೆ ಕೂಗಿದರು. "ಅಡುಗೆಮನೇಲಿ ಯಾರೇ ಅದು?"

"ನಾನೇ ಅತ್ತೆ."

"ನಿನ್ನ ಜೊತೆ ಇರೋಳು ಯಾರು ಅಂದೆ."

ಕರಾರಿನ ಪ್ರಕಾರ ಅತ್ತೆಗೂ ಹೇಳುವ ಹಾಗಿಲ್ಲ. ಹೇಳಿದ್ದರೂ ಅರ್ಧ ಗಂಟೆಯಲ್ಲಿ ಮರೆಯುತ್ತಿದ್ದರು. ರೇಡಿಯೋ ಎಂದು ಸುಳ್ಳು ಹೇಳಿದೆ. ಅವರು ಒಪ್ಪಿದಂತೆ ಕಾಣಲಿಲ್ಲ. ಊಟ ಮಾಡುವಾಗಲೂ ಅಡುಗೆಮನೆಯ ಕಡೆಗೇ ಕಿವಿ ತಿರುಗಿಸಿಕೊಂಡು ಕೂತಿದ್ದರು.

ಜೂನ್ ೧೪, ಶುಕ್ರವಾರ

ಡಬ್ಬಿಂಗ್ ನೋಡಿಕೊಳ್ಳುವ ಸರ್ ಇವತ್ತು ಕುರ್ಚಿಯಿಂದ ಎದ್ದುಬಂದರು. ಅವರು ಏಳುವುದು ಊಟಕ್ಕೆ ಮಾತ್ರ. "ಮೇಡಂ, ಎಲ್ಲಿಂದ ತಂದ್ರಿ ಇದನ್ನ? ಮೂಲದಲ್ಲೂ ಇಷ್ಟು ಚೆನ್ನಾಗಿಲ್ಲ" ಎಂದರು. ನಾನು ಸುಮ್ಮನೆ ನಕ್ಕೆ. ಒಳಗೊಳಗೇ ಹಿಗ್ಗಿ ಹೀರೇಕಾಯಿಯಾದೆ ಎಂದು ಇಲ್ಲಿ ಬರೆದುಕೊಳ್ಳಲು ನಾಚಿಕೆಯಿಲ್ಲ.

ಮೊದಲ ದಿನ ಉಸಿರು ಎಳೆದು ಎಳೆದು ಕಷ್ಟಪಟ್ಟಿದ್ದೆ. ಈಗ ಎಳೆಯುವುದೇ ಬೇಡ, ತಾನಾಗಿ ಬರುತ್ತದೆ. ಸಂಜೆಯ ಹೊತ್ತಿಗಂತೂ ಬಾಯಿ ತೆರೆದರೆ ಅವಳೇ. ಕಸುಬು ಕೈಹಿಡಿಯುವುದು ಎಂದರೆ ಇದೇ ಇರಬೇಕು. ಗಂಟಲು ಸ್ವಲ್ಪ ಕೆರೆಯುತ್ತದೆ, ಉಪ್ಪುನೀರು ಮುಕ್ಕಳಿಸಿದೆ.

ಆ ತಾಯಿಯ ಪಾತ್ರ ಮಾಡಿದವಳು ಕಣ್ಣು ಮಿಟುಕಿಸುವುದೇ ಇಲ್ಲ. ದಿನವಿಡೀ ಅವಳ ತುಟಿಯನ್ನೇ ನೋಡುತ್ತ ನಿಂತಿರುತ್ತೇನಲ್ಲ, ಇವತ್ತು ಒಂದು ಕ್ಷಣ ಅವಳೇ ನನ್ನ ತುಟಿ ನೋಡುತ್ತಿದ್ದಾಳೆ ಎನಿಸಿತು. ನೀರು ಕುಡಿದು ಬಂದೆ.

ಜೂನ್ ೧೯, ಬುಧವಾರ

ಬರೆಯಲೋ ಬೇಡವೋ ಎಂದು ಸುಮಾರು ಹೊತ್ತು ಕೂತಿದ್ದೆ.

ಬೆಳಿಗ್ಗೆ ಅತ್ತೆಯ ತಲೆ ಬಾಚುತ್ತಿದ್ದೆ. ಒಳ್ಳೆಯ ಲಹರಿಯಲ್ಲಿದ್ದರು. ಇದ್ದಕ್ಕಿದ್ದ ಹಾಗೆ ದನಿ ತಗ್ಗಿಸಿ, "ನೀನು ಬೆಳಿಗ್ಗೆ ಹೋಗ್ತೀಯಲ್ಲ, ಸಂಜೆ ಅವಳನ್ನ ಯಾಕೆ ಕಳಿಸ್ತೀಯ?" ಎಂದರು.

"ಯಾರನ್ನ ಅತ್ತೆ?"

"ಸಂಜೆ ಬರ್ತಾಳಲ್ಲ, ಅವಳು. ನಿನ್ನ ಹಾಗೇ ಬಾಗಿಲಲ್ಲಿ ನಿಂತ್ಕೊಂಡು ಬಂದೆ ಅಂತಾಳೆ. ನಾನು ಮಾತಾಡಲ್ಲಪ್ಪ. ಸುಮ್ಮನೆ ಇದ್ದುಬಿಡ್ತೀನಿ."

ಸಿನಿಮಾದ ಒಂದು ಮಾತನ್ನೂ ಇವರಿಗೆ ಹೇಳಿಲ್ಲ, ಓಗೊಡಬಾರದು ಎಂಬ ಸಂಗತಿ ಇವರಿಗೆ ಹೇಗೆ ಗೊತ್ತಾಯಿತು? ನಿಜ, ನಾಲ್ಕು ದಿನದಿಂದ ಸಂಜೆ ಬಾಗಿಲಲ್ಲಿ ನಾನು ಬಂದೆ ಎಂದರೆ ಒಳಗಿನಿಂದ ಉತ್ತರ ಬರುತ್ತಿಲ್ಲ. ನಿದ್ದೆ ಬಂದಿರಬೇಕು ಎಂದುಕೊಂಡಿದ್ದೆ.

ನನಗೆ ದೆವ್ವ ಭೂತಗಳಲ್ಲಿ ನಂಬಿಕೆಯಿಲ್ಲ. ಆದರೂ ಇವತ್ತು ಮೆಟ್ಟಿಲು ಹತ್ತಿ ಬರುವಾಗ ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಇಲ್ಲದಿದ್ದದ್ದಕ್ಕೇ ಹೆದರಿಕೆಯಾಯಿತು.

ಜೂನ್ ೨೪, ಸೋಮವಾರ

ಸ್ಟುಡಿಯೋದಲ್ಲಿ ಒಂದು ತೊಂದರೆ. ನನ್ನ ಪ್ರತಿ ಮಾತಿನ ಕೊನೆಗೆ ಒಂದು ಸದ್ದು ಬರುತ್ತಿದೆಯಂತೆ. ಮರಳಿನ ಮೇಲೆ ಯಾರೋ ಕಾಲೆಳೆದ ಹಾಗೆ, ಕರ್ ಎಂದು. ಮಫ್ಲರ್ ಮೊದಲು ಮೈಕು ಬದಲಿಸಿದ, ಆಮೇಲೆ ವೈರು ಬದಲಿಸಿದ. ನನ್ನ ಬಳೆ ಬಿಚ್ಚಿಸಿದ. ಕುರ್ಚಿ ಕಿರ್ ಎನ್ನುತ್ತಿರಬಹುದು ಎಂದು ನಿಲ್ಲಿಸಿ ಮಾತಾಡಿಸಿದ. ಅದು ಹೋಗಲಿಲ್ಲ. ಅವನು ಹೆಡ್‌ಫೋನ್ ಕೊಟ್ಟಾಗ ನಾನೂ ಕೇಳಿದೆ. ನಾನು "ಬನ್ನಿ" ಎನ್ನುತ್ತೇನೆ, ಆಮೇಲೆ ಇನ್ಯಾರೋ ಗಂಟಲು ಸರಿಮಾಡಿಕೊಂಡು ಮಾತಾಡಲು ಕಾಯುತ್ತಿರುವ ಹಾಗೆ ಆ ಸದ್ದು.

"ಇದು ಸಿನಿಮಾದಿಂದ ಬಂದದ್ದಾ?" ಎಂದೆ.

"ಅವರ ಟ್ರ್ಯಾಕು ಆಫ್ ಮಾಡಿದ್ದೀನಿ ಅಕ್ಕ."

ಕೊನೆಗೆ ಸಿನಿಮಾದಲ್ಲಿ ಆ ತಾಯಿಯ ನಾದಿನಿಯ ಪಾತ್ರಕ್ಕೆ ದನಿ ಕೊಡಲು ಬಂದಿದ್ದ ಕಲಾವಿದೆಯನ್ನು ಅದೇ ಮೈಕಿನ ಮುಂದೆ ನಿಲ್ಲಿಸಿ ನನ್ನದೇ ಮಾತು ಹೇಳಿಸಿದ. ಸದ್ದಿಲ್ಲ. ತಾನಾಗಿಯೇ ಸರಿಹೋಗಿತ್ತು! ಯಂತ್ರಗಳ ಬುದ್ಧಿಯೇ ಹಾಗೆ, ನಾಲ್ಕು ಜನ ತಲೆ ಕೆಡಿಸಿಕೊಂಡ ಮೇಲೆ ಏನೂ ಆಗಿಲ್ಲವೆಂಬಂತೆ ನಿಲ್ಲುತ್ತವೆ. ನಾನು ನಕ್ಕೆ. ಮಫ್ಲರ್ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದವನು "ಇವತ್ತಿಗೆ ಸಾಕು ಅಕ್ಕ" ಎಂದ.

ಜೂನ್ ೨೭, ಗುರುವಾರ

ಅತ್ತೆ ಸಂಜೆಯ ಊಟ ಬಿಟ್ಟಿದ್ದಾರೆ. ಚಮಚ ತುಟಿಗೆ ತಾಗಿಸಿದರೆ ತುಟಿ ಬಿಗಿಯುತ್ತಾರೆ. ಎಷ್ಟು ಪುಸಲಾಯಿಸಿದರೂ ಇಲ್ಲ. ನಾನು ಪುಸಲಾಯಿಸಿದಷ್ಟೂ ಗೋಡೆಯ ಕಡೆಗೆ ಸರಿಯುತ್ತಾರೆ. ಅವರ ಕಣ್ಣಿನಲ್ಲಿ ನೀರು ಬಂತು. ನನಗೂ ಬಂತು.

ಸಿನಿಮಾದಲ್ಲಿ ತಾಯಿ ತಟ್ಟೆ ಹಿಡಿದು ಗೋಗರೆಯುವ ದೃಶ್ಯ ತೀರಾ ಉದ್ದವಾಯಿತೆಂದು ಮಫ್ಲರ್ ಹತ್ತಿರ ಹೇಳಿದ್ದೆ. ಆ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ಅಷ್ಟು ಹೊತ್ತು ಬೇಕೇ ಬೇಕು.

ಜುಲೈ ೧, ಸೋಮವಾರ

ಮೊದಲ ರೀಲಿನಲ್ಲಿ ಒಂದು ಮಾತನ್ನು ಬದಲಾಯಿಸಬೇಕಿತ್ತು. ಮಾತು ಬರೆಯುವವರು ಅಲ್ಲಿ ಮಗನನ್ನು ಮಗಳೆಂದು ಬರೆದುಬಿಟ್ಟಿದ್ದರು. ಒಂದೇ ಒಂದು ಸಾಲು, ಬದುಕಿದ್ದ ತಾಯಿಯ ದನಿ: "ಬಾ ಮಗನೇ, ಕೈ ತೊಳ್ಕೋ." ಐದು ನಿಮಿಷದ ಕೆಲಸ ಎಂದುಕೊಂಡು ಹೋದೆ.

ಮಫ್ಲರ್ ಹಳೆಯದನ್ನು ಕೇಳಿಸಿದ. ನಾನು ಹೇಳಿದೆ. ಮತ್ತೆ ಕೇಳಿಸಿದ. ಮತ್ತೆ ಹೇಳಿದೆ. ಬಿಸಿನೀರು ಕುಡಿದು ಹೇಳಿದೆ. ಹೊರಗೆ ಓಡಾಡಿ ಬಂದು ಹೇಳಿದೆ. ಮಧ್ಯಾಹ್ನವಾಯಿತು.

"ಮ್ಯಾಚ್ ಆಗ್ತಿಲ್ಲ ಅಕ್ಕ."

"ಮೈಕು ಬದಲಿಸಿದ್ಯಲ್ಲ, ಅದಕ್ಕೇ."

"ಹಳೇ ಮೈಕೇ ಹಾಕಿದ್ದೀನಿ."

ಸರ್ ಗಡಿಯಾರ ನೋಡುತ್ತಿದ್ದರು. ಮಫ್ಲರ್ ಗಾಜಿನ ಆಚೆಯಿಂದ ಎದ್ದು ಒಳಗೆ ಬಂದ. ಬಾಗಿಲು ಮುಚ್ಚಿ, ಯಾರಿಗೂ ಕೇಳಿಸದ ಹಾಗೆ, "ಅಕ್ಕ, ನೀವು ಈಗ ದೆವ್ವದ ದನಿ ಮಾಡ್ತಿಲ್ಲ. ಅದೇ ಬರ್ತಿದೆ. ಒಂದು ಸಲ ಗಂಟಲಿನ ಡಾಕ್ಟರಿಗೆ ತೋರಿಸಿ" ಎಂದ.

ಅವನ ಮೇಲೆ ಹರಿಹಾಯ್ದೆ. ಇಷ್ಟು ವರ್ಷ ಗಂಟಲಲ್ಲೇ ಬದುಕಿದವಳಿಗೆ ಗಂಟಲಿನ ಪಾಠ ಹೇಳಬೇಡ ಎಂದೆ. ಹಾಗೆ ಕೂಗುವಾಗ ದನಿ ಅರ್ಧದಲ್ಲೇ ನಿಂತು ಬರೀ ಗಾಳಿ ಬಂತು. ಅವನು ತನ್ನ ಮಫ್ಲರ್ ಬಿಚ್ಚಿ ನನ್ನ ಕೈಯಲ್ಲಿಟ್ಟು ಹೋದ. ಸಾಲನ್ನು ಹಾಗೆಯೇ ಬಿಟ್ಟರು. ಥಾಯ್ ಸಿನಿಮಾದಲ್ಲಿ ಒಬ್ಬ ಹುಡುಗ ಮಗಳಾಗಿಯೇ ಉಳಿದ.

ಎ.ಸಿ.ಯ ಶೀತ. ಬೇರೇನೂ ಅಲ್ಲ.

ಜುಲೈ ೪, ಗುರುವಾರ

ಬೆಳಿಗ್ಗೆ ಹಾಲು ಕೊಡಲು ಹೋದಾಗ ಅತ್ತೆ ಗೋಡೆಗೆ ಒತ್ತಿಕೊಂಡು ಕೂತರು. ಆಮೇಲೆ, ಅಳು ಬಂದ ಮಗುವಿನ ಹಾಗೆ, "ಬೆಳಿಗ್ಗೆಯವಳು ಬರ್ಲಿಲ್ವಾ ಇವತ್ತು?" ಎಂದು ಕೇಳಿದರು.

ಜುಲೈ ೬, ಶನಿವಾರ

ಮಗಳಿಗೆ ಫೋನ್ ಮಾಡಿದೆ. "ಹಲೋ" ಎಂದೆ. "ಯಾರು ಮಾತಾಡೋದು?" ಎಂದಳು. "ನಾನು ಕಣೇ" ಎಂದೆ. "ನೀವು ಯಾರು ಅಂತ ಗೊತ್ತಾಗ್ಲಿಲ್ಲ, ನಮ್ಮಮ್ಮನ ಫೋನ್ ನಿಮ್ಮ ಹತ್ರ ಹೇಗೆ ಬಂತು?" ಎಂದಳು.

ನಾನೇ ಹೆತ್ತ ಮಗಳು. ನನಗೆ ಅಷ್ಟು ಹೆದರಿಕೆ ಯಾವತ್ತೂ ಆಗಿರಲಿಲ್ಲ. ಏನು ಹೇಳಬೇಕೋ ತಿಳಿಯದೆ ಅವಳನ್ನು ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರು ಹೇಳಿದೆ. ಆ ಕಡೆ ಸದ್ದೇ ಇಲ್ಲ. ಸಿನಿಮಾದಲ್ಲಿ ಕಪ್ಪೆಗಳ ಸದ್ದು ನಿಂತಂತೆ. ಆಮೇಲೆ ಅವಳು, "ಅಮ್ಮಾ, ಏನಾಗಿದೆ ನಿಂಗೆ? ನಾಳೆ ಬಸ್ಸಿಗೇ ಬರ್ತೀನಿ" ಎಂದಳು.

ಜುಲೈ ೧೨, ಶುಕ್ರವಾರ

ಡಾಕ್ಟರಮ್ಮನಿಗೆ ನನ್ನ ಮಗಳ ವಯಸ್ಸು. ಸೋಮವಾರ ಹೋದಾಗ ಮೂಗಿನಿಂದ ಒಂದು ಸಣ್ಣ ಕೊಳವೆ ಇಳಿಸಿ ಪರದೆಯ ಮೇಲೆ ನನ್ನ ಗಂಟಲನ್ನು ನನಗೇ ತೋರಿಸಿದರು. ಎರಡು ಬಿಳಿ ಪಟ್ಟಿಗಳು, ಅವು ಒಂದಕ್ಕೊಂದು ತಾಗಿದರೆ ಮಾತು. ಬಲಗಡೆಯ ಪಟ್ಟಿಯ ಮೇಲೆ ಒಂದು ಗಂಟು ಕೂತಿತ್ತು. ಇಷ್ಟು ದಿನ ಮೆಟ್ಟಿಲಲ್ಲಿ, ಮೈಕಿನಲ್ಲಿ, ಅಡುಗೆಮನೆಯಲ್ಲಿ ಹುಡುಕಿದ್ದು ಇದನ್ನೇ. ಇಲ್ಲೇ ಇತ್ತು.

"ಉಸಿರು ಒಳಗೆ ಎಳ್ಕೊಂಡು ಮಾತಾಡಿದ್ದಕ್ಕೆ ಬಂತಾ?" ಎಂದೆ.

"ಇಲ್ಲಮ್ಮ. ಇದು ನಿಮ್ಮ ಸಿನಿಮಾಗಿಂತ ಹಳೇದು. ನೀವು ಸಿನಿಮಾ ಅಂದ್ಕೊಂಡು ಸುಮ್ಮನಿದ್ರಿ, ಅಷ್ಟೇ."

ಅವತ್ತೇ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು, ಇವತ್ತು ಉತ್ತರ ಬಂತು. ಕೆಟ್ಟದ್ದೇ. ಬೇರೆಡೆ ಹರಡಿಲ್ಲ, ಬೇಗ ತೆಗೆದರೆ ಜೀವಕ್ಕೆ ಭಯವಿಲ್ಲ. ಪಟ್ಟಿಯ ಒಂದು ಭಾಗವನ್ನೂ ತೆಗೆಯಬೇಕು. ದನಿ ಬರುತ್ತದೆ, ಆದರೆ ಮೊದಲಿನದ್ದು ಬರುವುದಿಲ್ಲ. ಮಗಳು ನನ್ನ ಕೈ ಹಿಡಿದುಕೊಂಡು ಅತ್ತಳು. ಡಾಕ್ಟರಮ್ಮ ಮಾತು ತಿರುಗಿಸಲೆಂದು ಸಿನಿಮಾ ಹೇಗಿದೆ ಎಂದು ಕೇಳಿದರು. ನೋಡಿ ಎಂದೆ. "ಅಯ್ಯೋ, ನಾನು ದೆವ್ವದ ಸಿನಿಮಾ ನೋಡಲ್ಲಮ್ಮ, ಹೆದರಿಕೆ" ಎಂದರು. ಚಾಕು ಹಿಡಿಯುವ ಕೈ ಅದು. ಆ ಹೊತ್ತಿನಲ್ಲೂ ನನಗೆ ನಗು ಬಂತು.

ಜೀವಕ್ಕೆ ಭಯವಿಲ್ಲ ಎಂದು ಎಲ್ಲರೂ ಸಮಾಧಾನ ಹೇಳುತ್ತಿದ್ದಾರೆ. ನನ್ನ ಭಯ ಅದಲ್ಲ. ಅತ್ತೆ ಈಗ ಮಗಳ ಕೈಯಿಂದ ಒಂದಿಷ್ಟು ಉಣ್ಣುತ್ತಾರೆ. ಮಗಳು ವಾಪಸ್ ಹೋದ ಮೇಲೆ ಅವರನ್ನು ಕರೆಯುವವರು ಯಾರು?

ಜುಲೈ ೧೮, ಗುರುವಾರ

ನಾಳೆ ಆಪರೇಷನ್. ಮಫ್ಲರ್ ಮನೆಗೆ ಬಂದಿದ್ದ. ಮೊದಲ ರೀಲಿನ ನನ್ನ ಮಾತುಗಳನ್ನು ಬೇರೆ ಮಾಡಿ, ನದಿಯ ಸದ್ದು ತೊಳೆದು, ನನ್ನ ಫೋನಿಗೆ ಹಾಕಿಕೊಟ್ಟ. ಕರಾರು ಮುರಿದಂತಾಗಲಿಲ್ಲವೇ ಎಂದೆ.

"ದನಿ ನಿಮ್ಮದು ಅಕ್ಕ. ಅವರು ಕೇಳಿದ್ರೆ ನಾನು ಹೇಳ್ಕೋತೀನಿ."

ಅವನು ಹೋದ ಮೇಲೆ ಒಂದನ್ನು ಕೇಳೋಣವೆಂದು ಬೆರಳಿಟ್ಟು ತೆಗೆದುಬಿಟ್ಟೆ. ಧೈರ್ಯ ಬರಲಿಲ್ಲ. ಸತ್ತವರ ಸಾಮಾನು ಇಟ್ಟ ಪೆಟ್ಟಿಗೆ ತೆರೆಯುವ ಹಾಗೆ ಅನಿಸಿತು. ನನಗೆ ನಾಳೆಯ ಬಗ್ಗೆ ತುಂಬ ಹೆದರಿಕೆಯಾಗುತ್ತಿದೆ.

ಆಗಸ್ಟ್ ೨, ಶುಕ್ರವಾರ

ಮನೆಗೆ ಬಂದು ವಾರವಾಯಿತು. ಇನ್ನೂ ಕೆಲವು ವಾರ ಪಿಸುಮಾತೂ ಕೂಡದು. ಮಗಳು ರಜೆ ಮುಗಿದು ಇವತ್ತು ಬೆಳಿಗ್ಗೆ ಹೊರಟಳು. ಹೋಗುವ ಮುಂಚೆ ಫೋನಿನಲ್ಲಿ ಜನರ ಅಭಿಪ್ರಾಯಗಳನ್ನು ಓದಿ ಹೇಳಿದಳು. ಸಿನಿಮಾ ಬಿಡುಗಡೆಯಾಗಿದೆ. ಹುಳಗಳ ಸದ್ದು ನಿಲ್ಲುವುದನ್ನು ಒಬ್ಬರೂ ಗಮನಿಸಿಲ್ಲ, ಮಫ್ಲರ್‌ಗೆ ಬೇಜಾರಾಗಬಹುದು. ಒಬ್ಬ, ತಾಯಿ ಹುಡುಗನನ್ನು ಮಗಳೇ ಎನ್ನುವುದರಲ್ಲಿ ಆಳವಾದ ಅರ್ಥವಿದೆ ಎಂದು ಬರೆದಿದ್ದಾನಂತೆ. ತುಂಬ ಜನ ಬರೆದಿದ್ದು ಒಂದೇ: "ದೆವ್ವದ ದನಿ ಕೇಳಿ ನಿದ್ದೆ ಬರಲಿಲ್ಲ, ಅದು ನಟನೆ ಅನ್ನಿಸಲೇ ಇಲ್ಲ."

ಮಗಳು ಅಲ್ಲಿಗೆ ಓದುವುದನ್ನು ನಿಲ್ಲಿಸಿದಳು.

ಆಗಸ್ಟ್ ೫, ಸೋಮವಾರ

ಅತ್ತೆ ಮೂರು ದಿನದಿಂದ ಹಾಲು ಬಿಟ್ಟರೆ ಬೇರೇನೂ ಮುಟ್ಟಿಲ್ಲ. ಅದೂ ಎರಡು ಗುಟುಕು. ನಾನು ಮಾತಾಡದಿರುವುದರಿಂದ ಹೆದರಿಕೆ ಕಡಿಮೆಯಾಗಿದೆ, ಗೋಡೆಗೆ ಸರಿಯುವುದಿಲ್ಲ. ಕೈ ತೊಳೆಸಿದರೆ ತೊಳೆಸಿಕೊಳ್ಳುತ್ತಾರೆ, ಬಟ್ಟೆ ಬದಲಿಸಿದರೆ ಸುಮ್ಮನಿರುತ್ತಾರೆ. ಯಾರೋ ಕೆಲಸದವಳನ್ನು ಗೊತ್ತುಮಾಡಿದ್ದಾರೆ ಎಂದುಕೊಂಡಿದ್ದಾರೆ. "ಊಟ ಬೇಡಮ್ಮ. ಅವಳು ಬರ್ಲಿ, ಆಮೇಲೆ ಮಾಡ್ತೀನಿ" ಎನ್ನುತ್ತಾರೆ. ಕೆನ್ನೆಗಳು ಒಳಗೆ ಹೋಗಿವೆ. ಎತ್ತಿ ಕೂರಿಸುವಾಗ ಭಾರವೇ ಇಲ್ಲ.

ಫೋನು ಅಡುಗೆಮನೆಯ ಗೂಡಿನಲ್ಲೇ ಇದೆ. ಅದರ ಕಡೆಗೆ ಕೈ ಹೋಗುತ್ತದೆ, ವಾಪಸ್ ಬರುತ್ತದೆ. ಅವಳು ಕರೆದರೆ ಓಗೊಡಬೇಡಿ ಎಂದು ಆ ಮುದುಕ ಹೇಳುತ್ತಾನಲ್ಲ, ಅದೇ ನೆನಪಾಗುತ್ತದೆ. ಅದು ಈಗ ಎಲ್ಲಿಯೂ ಇಲ್ಲದವಳ ದನಿ. ಅತ್ತೆ ಅದಕ್ಕೆ ಓಗೊಟ್ಟರೆ?

ಸಿನಿಮಾ ಅಂತ ಗೊತ್ತಿದೆ. ಆದರೂ ಹೆದರಿಕೆಯಾಗುತ್ತದೆ.

ಆಗಸ್ಟ್ ೬, ಮಂಗಳವಾರ

ಇವತ್ತು ಮಧ್ಯಾಹ್ನ ಗಂಜಿ ಮಾಡಿದೆ. ಅತ್ತೆಯನ್ನು ದಿಂಬಿಗೆ ಒರಗಿಸಿ ಕೂರಿಸಿದೆ. ತಟ್ಟೆಯನ್ನು ಅವರ ತೊಡೆಯ ಹತ್ತಿರ ಮಣೆಯ ಮೇಲಿಟ್ಟೆ. ಫೋನನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟು, ಒತ್ತಿಬಿಟ್ಟೆ.

"ಗಂಜಿ ಆರ್ತಾ ಇದೆ, ಬನ್ನಿ."

ಎಷ್ಟು ಚೆನ್ನಾಗಿತ್ತು ನನ್ನ ದನಿ. ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿಸಿಕೊಂಡಿರಲಿಲ್ಲ.

ಅತ್ತೆಯ ತಲೆ ಥಟ್ಟನೆ ಬಾಗಿಲ ಕಡೆಗೆ ತಿರುಗಿತು. ಮುಖದ ನೆರಿಗೆಗಳೆಲ್ಲ ಸಡಿಲವಾದವು.

"ಬಂದ್ಯಾ" ಎಂದರು. "ಎಲ್ಲಿ ಹೋಗಿದ್ಯೇ ಇಷ್ಟು ದಿನ?"

ಓಗೊಟ್ಟುಬಿಟ್ಟರು. ಮುಂದಿನದನ್ನು ಒತ್ತಿದೆ.

"ಇಲ್ಲೇ ಇದ್ದೀನಲ್ಲ."

ಅವರು ನಕ್ಕರು. ಆ ನಗುವನ್ನು ಕಂಡು ಎಷ್ಟು ಕಾಲವಾಗಿತ್ತು. ನಾನು ತಡೆಯಲಾರದೆ ಚಮಚ ತೆಗೆದುಕೊಂಡು ಅವರ ಪಕ್ಕ ಕೂತೆ. ಅತ್ತೆ ತಮ್ಮ ಮರಗಟ್ಟಿದ ಕೈಯಿಂದ ನನ್ನ ಮೊಣಕೈಯನ್ನು ತಡವಿ ಹಿಡಿದು, ಚಮಚವನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದರು.

"ನೀನಿನ್ನು ಹೊರಡಮ್ಮ. ನನ್ನ ಸೊಸೆ ಬಂದ್ಲು" ಎಂದರು. ಆಮೇಲೆ ಬೇಜಾರಾದೀತೆಂದು, "ಪಾಪ, ಬಾಯಿ ಬರಲ್ಲ ನಿಂಗೆ. ಆದ್ರೂ ಚೆನ್ನಾಗಿ ನೋಡ್ಕೊಂಡೆ. ನಿಮ್ಮ ಮನೇಲೂ ಕಾಯ್ತಿರ್ತಾರೆ" ಎಂದು ನನ್ನ ತೋಳು ಸವರಿದರು.

ನಾನು ಅತ್ತರೆ ಸದ್ದು ಬರುತ್ತದೆ. ಆ ಸದ್ದು ಅವರಿಗೆ ಗೊತ್ತು, ಸಂಜೆಯವಳದ್ದು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡೆ. ಚಮಚವನ್ನು ತಟ್ಟೆಯಲ್ಲಿಟ್ಟು ಎದ್ದೆ, ಸ್ಟೂಲಿನ ಮೇಲಿನ ಫೋನನ್ನು ಮುಟ್ಟಿ ಇನ್ನೊಂದು ಮಾತನ್ನು ಹಚ್ಚಿಟ್ಟು, ಹೊಸ್ತಿಲು ದಾಟಿ, ಆಚೆ ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತೆ.

"ಇನ್ನೊಂದು ಸ್ವಲ್ಪ ಹಾಕ್ಲಾ?" ಎಂದಿತು ಒಳಗೆ.

"ಇದೇ ಬಿಸಿ ಇದೆ, ಇರು" ಎಂದರು ಅತ್ತೆ.

ಆಮೇಲೆ ಚಮಚ ತಟ್ಟೆಗೆ ತಾಗಿದ ಸದ್ದು ಕೇಳಿಸಿತು, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಕೇಳಿಸಿತು. ಅವರು ಊಟ ಮುಗಿಸುವವರೆಗೂ ನಾನು ಅಲ್ಲೇ ಕೂತಿದ್ದೆ.